ನೀಲಗಿರಿಯ ಕಪ್ಪು ಜೌಗು: ಮಳೆಯ ಏರಿಳಿತ ಮತ್ತು 40,000 ವರ್ಷಗಳ ಇಂಗಾಲ

ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಊಟಿಗೆ ಹೋಗುವ ರಸ್ತೆಯಲ್ಲಿ ಪೈಕಾರ ಕಳೆದ ಮೇಲೆ ಬೋಳು ಹುಲ್ಲುಬೆಟ್ಟಗಳು ಕಾಣಿಸಿಕೊಳ್ಳುತ್ತವೆ. ಎಷ್ಟೋ ಸಿನಿಮಾ ಹಾಡುಗಳಲ್ಲಿ ನಾವು ನೋಡಿರುವ ಬೆಟ್ಟಗಳಿವು. ಬಸ್ಸಿನ ಕಿಟಕಿಯಲ್ಲಿ ಕುಳಿತವರ ಕಣ್ಣು ಬೆಟ್ಟದ ನೆತ್ತಿಗೆ ಹೋಗುತ್ತದೆಯೇ ಹೊರತು ಎರಡು ಗುಡ್ಡಗಳ ನಡುವಿನ ತಗ್ಗಿಗೆ ಹೋಗುವುದಿಲ್ಲ. ಆ ತಗ್ಗಿನಲ್ಲಿ ಹುಲ್ಲು ತುಸು ಬೇರೆ ಬಣ್ಣದ್ದಾಗಿರುತ್ತದೆ, ಜೊಂಡು ಬೆಳೆದಿರುತ್ತದೆ, ಕಾಲಿಟ್ಟರೆ ನೆಲ ಹಾಸಿಗೆಯಂತೆ ಕುಸಿದು ಮೇಲೇಳುತ್ತದೆ. ಸ್ಯಾಂಡಿನಲ್ಲ ಎಂಬ ಹೆಸರಿನ ಕಣಿವೆ ಈ ದಾರಿಯಲ್ಲೇ ಇದೆ. ನಮ್ಮ ಮುಂಗಾರಿನ ಬಹು ಹಳೆಯ ದಾಖಲೆಯೊಂದು ಅಲ್ಲಿನ ಜೌಗಿನ ಕಪ್ಪು ಮಣ್ಣಿನಲ್ಲಿ ಉಳಿದುಕೊಂಡಿದೆ.

ಕನ್ನಡಿಗರಿಗೆ ನೀಲಗಿರಿ ಎಂದರೆ ಮೊದಲು ನೆನಪಾಗುವುದು ಬೆಟ್ಟವೋ ಮರವೋ ಹೇಳುವುದು ಕಷ್ಟ. ಆಸ್ಟ್ರೇಲಿಯದಿಂದ ಬಂದ ಮರಕ್ಕೆ ನಾವು ಈ ಬೆಟ್ಟದ ಹೆಸರನ್ನೇ ಕೊಟ್ಟೆವು. ಕೋಲಾರ, ತುಮಕೂರಿನ ಕಡೆ ‘ನೀಲಗಿರಿ’ ಎಂದರೆ ತೋಪು, ಎಣ್ಣೆ, ಬತ್ತಿದ ಕೊಳವೆಬಾವಿಯ ಮೇಲಿನ ಜಗಳ. ಬೆಟ್ಟದ ಹೆಸರನ್ನು ಮರ ನುಂಗಿಕೊಂಡಿದೆ. ಈ ಪ್ರಕರಣದಲ್ಲಿ ಅದೇ ಮರ ಕೊನೆಗೆ ಮತ್ತೊಮ್ಮೆ ಬರುತ್ತದೆ, ಬೆಟ್ಟದ ಇಂಗಾಲಕ್ಕೆ ಎದುರಾಳಿಯಾಗಿ.

ತಗ್ಗಿನಲ್ಲಿ ಏನಿದೆ

ನೀಲಗಿರಿಯ ಮೇಲಿನ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿದೆ. ದೊಡ್ಡಬೆಟ್ಟ 2,637 ಮೀಟರ್. ಗುಡ್ಡದ ಮೈಯೆಲ್ಲ ಹುಲ್ಲು, ಗಾಳಿಗೆ ಮರೆಯಾದ ಮಡಿಕೆಗಳಲ್ಲಿ ಗಿಡ್ಡ ಮರಗಳ ದಟ್ಟ ಶೋಲ ಕಾಡು, ಕಣಿವೆಯ ತಳದಲ್ಲಿ ಜೌಗು. ಕುದುರೆಮುಖ, ಬಾಬಾಬುಡನ್‌ಗಿರಿ ಹತ್ತಿದವರಿಗೆ ಹುಲ್ಲು ಮತ್ತು ಶೋಲದ ಜೋಡಿ ಹೊಸದಲ್ಲ. ಕಣಿವೆ ತಳದ ಜೌಗು ಕೂಡ ನಮಗೆ ಅಪರಿಚಿತವಲ್ಲ. ನಾಗರಹೊಳೆಯಲ್ಲಿ ಅದನ್ನು ಹಡ್ಲು ಎನ್ನುತ್ತಾರೆ. ಸಿದ್ದಾಪುರದ ಕತ್ತಲೆಕಾನಿನ ಕಡೆ, ಮರಗಳಿರುವ ಬೇರೆಯದೇ ಬಗೆಯ ಜೌಗಿಗೆ ರಾಮಪತ್ರೆ ಜಡ್ಡಿ ಎಂಬ ಹೆಸರಿದೆ.

ನೀಲಗಿರಿಯ ಎತ್ತರದ ಜೌಗಿನ ವಿಶೇಷವೆಂದರೆ ಪೀಟ್. ಪೂರ್ತಿ ಕೊಳೆಯದೆ ಉಳಿದ ಬೇರು, ಎಲೆ, ಕಾಂಡಗಳು ಪದರ ಪದರವಾಗಿ ಕೂಡಿ ಆದ ಮಣ್ಣು ಇದು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದರೆ ಅದರ ಸ್ವಭಾವ ತಿಳಿಯುತ್ತದೆ. ಎಳೆಯ ಪೀಟಾದರೆ ಬೆರಳಸಂದಿಯಿಂದ ತಿಳಿನೀರು ಇಳಿದು ಅಂಗೈಯಲ್ಲಿ ನಾರು ಉಳಿಯುತ್ತದೆ. ಹೆಚ್ಚು ಕೊಳೆತಿದ್ದರೆ ನೀರು ಕಾಫಿ ಬಣ್ಣಕ್ಕೆ ತಿರುಗುತ್ತದೆ. ತೀರಾ ಮಾಗಿದ ಪೀಟ್ ಬೆಣ್ಣೆಯಂತೆ ಬೆರಳುಗಳ ನಡುವಿನಿಂದ ಪೂರ್ತಿಯಾಗಿ ಹೊರಗೆ ಜಾರಿ, ಅಂಗೈಯಲ್ಲಿ ಬರೀ ಕಪ್ಪು ಕಲೆ ಉಳಿಸುತ್ತದೆ. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಈ ಹಿಂಡುವ ಪರೀಕ್ಷೆಯನ್ನೇ ಹತ್ತು ಮೆಟ್ಟಿಲುಗಳ ಅಳತೆಗೋಲಾಗಿ ಮಾಡಿದರು. ಪ್ರಯೋಗಾಲಯಗಳು ಎಷ್ಟೇ ಮುಂದುವರಿದರೂ ಜೌಗಿನಲ್ಲಿ ನಿಂತವರು ಇಂದಿಗೂ ಮೊದಲು ಮಾಡುವ ಪರೀಕ್ಷೆ ಇದೇ.

ಕೊಳೆಯದೆ ಉಳಿಯುವುದಕ್ಕೆ ಕಾರಣ ನೀರು. ನಿಂತ ನೀರಿನಲ್ಲಿ ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳ ಕೆಲಸ ಕುಂಠಿತವಾಗುತ್ತದೆ. ಹಾಗೆಂದು ಬಿದ್ದದ್ದೆಲ್ಲ ಉಳಿಯುವುದಿಲ್ಲ. ಮೇಲ್ಪದರದಲ್ಲಿ ನೀರಿನ ಮಟ್ಟ ಏರಿಳಿಯುತ್ತಲೇ ಇರುವುದರಿಂದ ಅಲ್ಲೇ ಬಹುಪಾಲು ಕೊಳೆತು ಹೋಗುತ್ತದೆ. ಉಳಿದ ಅಲ್ಪ ಪಾಲು ಮಾತ್ರ ಸದಾ ತೊಯ್ದಿರುವ ಕೆಳಪದರಕ್ಕೆ ಸೇರುತ್ತದೆ. ಪೀಟಿನ ಲೆಕ್ಕದಲ್ಲಿ ಇದು ಮುಖ್ಯವಾದ ಮಾತು. ಎಷ್ಟು ಬೆಳೆಯಿತು ಎನ್ನುವುದಕ್ಕಿಂತ, ಬೆಳೆದದ್ದು ನೀರಿನಡಿಗೆ ಸೇರುವ ಮೊದಲು ಎಷ್ಟು ಕಾಲ ಗಾಳಿಗೆ ತೆರೆದಿತ್ತು ಎನ್ನುವುದೇ ಉಳಿತಾಯವನ್ನು ನಿರ್ಧರಿಸುತ್ತದೆ.

ಪ್ರಪಂಚದ ನೆಲದಲ್ಲಿ ಪೀಟ್ ಇರುವುದು ಸುಮಾರು ಶೇ. 3 ಭಾಗದಲ್ಲಿ. ಆದರೂ ಎಲ್ಲ ಕಾಡುಗಳ ಮರಗಿಡಗಳು ಹಿಡಿದಿಟ್ಟಿರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ಒಂದು ಸರಳ ಲೆಕ್ಕ ಹಾಕೋಣ. ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ದಪ್ಪದ ಶುದ್ಧ ಪೀಟ್ ಎಂದರೆ 10,000 ಘನ ಮೀಟರ್. ಒಣಗಿಸಿದರೆ ಘನ ಮೀಟರಿಗೆ 100 ಕಿಲೋ ತೂಗುತ್ತದೆ, ಅದರಲ್ಲಿ ಅರ್ಧ ಇಂಗಾಲ ಎಂದಿಟ್ಟುಕೊಂಡರೆ 500 ಟನ್ ಇಂಗಾಲವಾಯಿತು. ನೀಲಗಿರಿಯ ಪೀಟಿನಲ್ಲಿ ಗುಡ್ಡದಿಂದ ಕೊಚ್ಚಿ ಬಂದ ಜೇಡಿ ಬೆರೆತಿರುವುದರಿಂದ ಈ ಲೆಕ್ಕ ಅಲ್ಲಿಗೆ ನೇರವಾಗಿ ಹೊಂದುವುದಿಲ್ಲ. ಆದರೆ ನೋಡಲು ಏನೂ ಇಲ್ಲದ ತಗ್ಗೊಂದು ಎಂಥ ಕಣಜ ಎಂಬುದಕ್ಕೆ ಇಷ್ಟು ಸಾಕು.

ಮಣ್ಣಿನಿಂದ ಮಳೆಯನ್ನು ಓದಿದ ಬಗೆ

1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನೀಲಗಿರಿಯ ಪೀಟ್ ಕುರಿತು ಒಂದು ಪ್ರಬಂಧ ಬಂತು. ಬರೆದವರು ನಾಲ್ವರು: ಆರ್. ಸುಕುಮಾರ್, ಆರ್. ರಮೇಶ್, ಆರ್.ಕೆ. ಪಂತ್ ಮತ್ತು ಜಿ. ರಾಜಗೋಪಾಲನ್. ಆನೆಗಳ ಅಧ್ಯಯನಕ್ಕೆ ಹೆಸರಾದ ಸುಕುಮಾರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ರಮೇಶ್ ಆಗ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿದ್ದರು. ಪ್ರಬಂಧದಲ್ಲಿ 20,000 ವರ್ಷಗಳ ಹವಾಮಾನದ ಕಥೆ ಇತ್ತು. 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ ಅದು 40,000 ವರ್ಷಗಳವರೆಗೆ ಹಿಂದಕ್ಕೆ ಚಾಚಿತು.

ಅವರು ಬಳಸಿದ ಉಪಾಯ ಸರಳ, ಸುಂದರ. ಗಾಳಿಯ ಇಂಗಾಲದಲ್ಲಿ ಎರಡು ಸ್ಥಿರ ಸಮಸ್ಥಾನಿಗಳಿವೆ: ಹಗುರವಾದ ಇಂಗಾಲ-12, ತುಸು ಭಾರದ ಇಂಗಾಲ-13. ಸಸ್ಯಗಳು ದ್ಯುತಿಸಂಶ್ಲೇಷಣೆ ಮಾಡುವ ಮುಖ್ಯ ಮಾರ್ಗಗಳು ಎರಡು. ಮರಗಳು, ಪೊದೆಗಳು, ತಂಪು ಮತ್ತು ತೇವ ಬಯಸುವ ಹುಲ್ಲುಗಳು ಸಿ3 ಗುಂಪಿನವು. ಬಿಸಿಲು, ಬರ ತಡೆಯುವ ಹುಲ್ಲುಗಳಲ್ಲಿ ಹೆಚ್ಚಿನವು ಸಿ4 ಗುಂಪಿನವು. ನಮ್ಮ ಹೊಲಗಳಿಗೆ ಬಂದರೆ ಭತ್ತ ಸಿ3, ರಾಗಿ, ಜೋಳ, ಕಬ್ಬು ಸಿ4. ಸಿ3 ಸಸ್ಯಗಳು ಭಾರದ ಇಂಗಾಲವನ್ನು ಹೆಚ್ಚು ದೂರ ಇಡುತ್ತವೆ. ಒಂದು ಪ್ರಮಾಣಿತ ಮಾದರಿಗೆ ಹೋಲಿಸಿ ಸಾವಿರಕ್ಕೆ ಎಷ್ಟು ಕಡಿಮೆ ಎಂದು ಅಳೆದಾಗ ಸಿ3 ಸಸ್ಯಗಳು ಸುಮಾರು −27ರ ಆಸುಪಾಸಿನಲ್ಲಿ, ಸಿ4 ಸಸ್ಯಗಳು −13ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಎರಡರ ನಡುವೆ ಅಂತರ ದೊಡ್ಡದು, ಗಿಡ ಸತ್ತು ಪೀಟ್ ಆದ ಮೇಲೂ ಅದು ಬಹುಮಟ್ಟಿಗೆ ಉಳಿಯುತ್ತದೆ. ಒಂದು ಪದರ −20 ತೋರಿಸಿದರೆ, ಆ ಕಾಲದಲ್ಲಿ ಜೌಗಿಗೆ ಬಿದ್ದ ಸಸ್ಯಗಳಲ್ಲಿ ಎರಡೂ ಗುಂಪಿನವು ಹೆಚ್ಚು ಕಡಿಮೆ ಸಮಸಮವಾಗಿದ್ದವು ಎಂದರ್ಥ.

ಪದರದ ವಯಸ್ಸನ್ನು ಹೇಳುವುದು ಮೂರನೆಯ ಸಮಸ್ಥಾನಿ, ವಿಕಿರಣಶೀಲ ಇಂಗಾಲ-14. 5,730 ವರ್ಷಕ್ಕೆ ಅದು ಅರ್ಧಕ್ಕಿಳಿಯುತ್ತದೆ. ಹೀಗೆ ವಯಸ್ಸು ಹೇಳುವುದೂ ಇಂಗಾಲ, ಹುಲ್ಲೋ ಮರವೋ ಎಂದು ಹೇಳುವುದೂ ಇಂಗಾಲ, ಕಣಜದಲ್ಲಿ ಇರುವ ಸರಕೂ ಇಂಗಾಲ. ಒಂದು ಎಚ್ಚರಿಕೆ: ಇಂಗಾಲ-14ರ ಕಚ್ಚಾ ವರ್ಷ ಮತ್ತು ಪಂಚಾಂಗದ ವರ್ಷ ಒಂದೇ ಅಲ್ಲ. ಹಿಂದಕ್ಕೆ ಹೋದಂತೆ ವ್ಯತ್ಯಾಸ ಬೆಳೆಯುತ್ತದೆ, 18,000 ಇಂಗಾಲ ವರ್ಷ ಎಂದರೆ ಪಂಚಾಂಗದಲ್ಲಿ 21,000 ದಾಟುತ್ತದೆ. 1990ರ ದಶಕದ ಪ್ರಬಂಧಗಳ ಸಂಖ್ಯೆಗಳನ್ನು ಈಗಿನವುಗಳೊಂದಿಗೆ ಹೋಲಿಸುವಾಗ ಇದನ್ನು ಮರೆತು ಎಡವುವುದು ಸುಲಭ. ಮುಂದೆ ಪೀಟಿನ ಕಾಲಘಟ್ಟಗಳನ್ನು ಹೇಳುವಾಗ ನಾನು ಆ ಪ್ರಬಂಧದ ಲೆಕ್ಕವನ್ನೇ ಬಳಸುತ್ತೇನೆ.

ಬರ, ನೆರೆ, ಮತ್ತೆ ಬರ

ಹಿಮಯುಗ ತುದಿಮುಟ್ಟಿದ್ದ ಕಾಲದಲ್ಲಿ ನೀಲಗಿರಿಯ ಜೌಗಿಗೆ ಬಿದ್ದ ಸಸ್ಯಗಳು ಸಿ4 ಕಡೆಗೆ ವಾಲಿದ್ದವು. ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿದ್ದ ಕಾಲವದು. ಮುಂಗಾರು ಸೊರಗಿತ್ತು, ಬೆಟ್ಟ ಇಂದಿಗಿಂತ ಹಲವು ಡಿಗ್ರಿ ತಣ್ಣಗಿತ್ತು, ಶೋಲ ಕಾಡು ಮುದುಡಿಕೊಂಡು ಹುಲ್ಲು ಹರಡಿತ್ತು. ಆದರೂ ಜೌಗು ಸಾಯಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಬೆರಗಿನ ಸಂಗತಿ ಇದೇ. ಉತ್ತರ ಯೂರೋಪ್, ಕೆನಡಾ, ಸೈಬೀರಿಯಾಗಳ ಪೀಟ್ ಬಹುತೇಕ ಹಿಮ ಸರಿದ ಮೇಲೆ ಹುಟ್ಟಿದ್ದು, ಹೆಚ್ಚೆಂದರೆ ಹನ್ನೆರಡು ಹದಿಮೂರು ಸಾವಿರ ವರ್ಷಗಳದ್ದು. ನೀಲಗಿರಿಯದು ಆ ಹಿಮಯುಗವನ್ನೇ ಹಾದು ಬಂದಿದೆ.

ಹೇಗೆ? ಬೆಟ್ಟದ ಆಕಾರದಲ್ಲೇ ಉತ್ತರದ ಒಂದು ಭಾಗ ಇದೆ. ಬಯಲಿನ ಜೌಗು ತನ್ನ ಮೇಲೆ ಬಿದ್ದ ಮಳೆಯನ್ನಷ್ಟೇ ನೆಚ್ಚಿರಬಹುದು. ಕಣಿವೆ ತಳದ ಜೌಗಿಗೆ ಸುತ್ತಲಿನ ಗುಡ್ಡವೆಲ್ಲ ನೀರು ಕೂಡಿಸಿ ಕೊಡುತ್ತದೆ. ಹುಲ್ಲಿನ ಬೇರುಗಳ ನಡುವೆ ಇಂಗಿದ ಮಳೆ ವಾರಗಟ್ಟಲೆ, ತಿಂಗಳುಗಟ್ಟಲೆ ಒಸರುತ್ತಾ ತಗ್ಗಿಗೆ ಇಳಿಯುತ್ತದೆ. ಮಳೆ ಕಡಿಮೆಯಾದರೂ ತಗ್ಗು ಒಣಗುವುದು ಎಲ್ಲಕ್ಕಿಂತ ಕೊನೆಗೆ. ಉತ್ತರದ ಇನ್ನೊಂದು ಭಾಗ ಚಳಿ. ತಣ್ಣನೆಯ ಮಣ್ಣಿನಲ್ಲಿ ಕೊಳೆಯುವಿಕೆ ನಿಧಾನ, ಆವಿಯಾಗುವ ನೀರೂ ಕಡಿಮೆ. ಮಳೆಯ ಅಭಾವ ಕಿತ್ತುಕೊಂಡದ್ದರಲ್ಲಿ ಒಂದು ಪಾಲನ್ನು ಚಳಿ ಹಿಂದಿರುಗಿಸಿತು.

ಆಮೇಲೆ ಮುಂಗಾರು ಬಲವಾಯಿತು. ಭೂಮಿಯ ಕಕ್ಷೆ ಮತ್ತು ಅಕ್ಷದ ನಿಧಾನದ ಓಲಾಟದಿಂದಾಗಿ, ಸುಮಾರು 11,000 ವರ್ಷಗಳ ಹಿಂದೆ ಭೂಮಿ ಸೂರ್ಯನಿಗೆ ಅತಿ ಸಮೀಪ ಬರುತ್ತಿದ್ದದ್ದು ಉತ್ತರಾರ್ಧದ ಬೇಸಿಗೆಯಲ್ಲಿ. ಈಗ ಅದು ಜನವರಿಯಲ್ಲಿ. ಆಗ ಏಷ್ಯಾದ ನೆಲ ಹೆಚ್ಚು ಕಾಯುತ್ತಿತ್ತು, ಸಮುದ್ರದ ಗಾಳಿ ಹೆಚ್ಚು ರಭಸದಿಂದ ಒಳನುಗ್ಗುತ್ತಿತ್ತು. ನೀಲಗಿರಿಯ ಪೀಟಿನಲ್ಲಿ ಸಿ3 ಗುರುತು ತುದಿಗೇರುವುದು ಇದೇ ಹೊತ್ತಿಗೆ. ಶೋಲ ಹರಡಿತು, ತೇವ ಬಯಸುವ ಗಿಡಗಳು ಹೆಚ್ಚಿದವು, ತಗ್ಗಿನಲ್ಲಿ ನೀರು ನಿಂತಿತು. ಗಿಡವೂ ಹುಲುಸು, ನೀರೂ ನಿಶ್ಚಲ. ಪೀಟ್ ಕೂಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮುಂದಿನ ತಿರುವು 6,000ದಿಂದ 3,500 ವರ್ಷಗಳ ಹಿಂದಿನದು. ಸಿ4 ಗುರುತು ಮತ್ತೆ ಏರುತ್ತದೆ. ಇಲ್ಲಿ ಒಂದು ತಕರಾರು ಏಳಬಹುದು, ಏಳಲೇಬೇಕು. ಸಿ4 ಸಸ್ಯಗಳಿಗೆ ಬರ ಮಾತ್ರವಲ್ಲ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವುದೂ ಅನುಕೂಲ. ಹಿಮಯುಗದ ತುದಿಯಲ್ಲಿ ಅದು ಹತ್ತು ಲಕ್ಷಕ್ಕೆ 190ರ ಆಸುಪಾಸಿಗೆ ಇಳಿದಿತ್ತು. ಹಾಗಾದರೆ ಅಂದಿನ ಹುಲ್ಲುಗಾವಲು ಬರದ ಗುರುತೋ, ಗಾಳಿಯ ಗುರುತೋ? ಆ ಕಾಲಕ್ಕೆ ಎರಡನ್ನೂ ಬಿಡಿಸಿ ಹೇಳುವುದು ಕಷ್ಟ, ಎರಡೂ ಒಂದೇ ದಿಕ್ಕಿಗೆ ತಳ್ಳುತ್ತಿದ್ದವು. ಆದರೆ 6,000 ವರ್ಷಗಳ ಹಿಂದಿನ ತಿರುವಿಗೆ ಈ ಗೊಂದಲವಿಲ್ಲ. ಸುಮಾರು 8,000 ವರ್ಷಗಳ ಹಿಂದೆ 260ರಷ್ಟಿದ್ದ ಡೈಆಕ್ಸೈಡ್ ಆಮೇಲೆ ಮೆಲ್ಲಗೆ ಏರುತ್ತಾ ಕೈಗಾರಿಕಾ ಯುಗದ ಹೊಸ್ತಿಲಿಗೆ 280 ಮುಟ್ಟಿತು. ಗಾಳಿ ಸಿ3 ಸಸ್ಯಗಳ ಪರವಾಗಿ ವಾಲುತ್ತಿದ್ದಾಗ ಬೆಟ್ಟದಲ್ಲಿ ಸಿ4 ಹೆಚ್ಚಿತೆಂದರೆ ಅದಕ್ಕೆ ಉಳಿಯುವ ದೊಡ್ಡ ಕಾರಣ ಒಂದೇ, ಮಳೆ ಸೋತದ್ದು. ಪೀಟಿನ ಸಾಕ್ಷ್ಯದಲ್ಲಿ ನನಗೆ ತೀರಾ ಗಟ್ಟಿ ಎನಿಸುವ ಭಾಗ ಇದು.

ಇಂಗಾಲದ ಲೆಕ್ಕದಲ್ಲಿ ಇಂಥ ಒಣ ಕಾಲದ ಪೆಟ್ಟು ಎರಡು ಬಗೆಯದು. ಹೊಸ ಪದರ ತೆಳುವಾಗಿ ಕೂಡುತ್ತದೆ, ಇದು ಮೊದಲನೆಯದು. ಎರಡನೆಯದು ಹೆಚ್ಚು ಕೆಟ್ಟದ್ದು. ನೀರಿನ ಮಟ್ಟ ಕೆಳಗಿಳಿದಾಗ, ಹಿಂದಿನ ಮಳೆಗಾಲಗಳು ನೀರಿನಡಿ ಭದ್ರಪಡಿಸಿದ್ದ ಪದರವೂ ಗಾಳಿಗೆ ತೆರೆದುಕೊಂಡು ಕೊಳೆಯತೊಡಗುತ್ತದೆ. ಒಣ ಕಾಲ ತನ್ನ ದುಡಿಮೆಯನ್ನಷ್ಟೇ ಕಳೆದುಕೊಳ್ಳದೆ ಅಜ್ಜನ ಗಂಟಿಗೂ ಕೈಹಾಕುತ್ತದೆ. ಆದ್ದರಿಂದ ಜೌಗಿನ ಆಳ ಮತ್ತು ವಯಸ್ಸನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಪ್ರತಿ ಸಾವಿರ ವರ್ಷಕ್ಕೂ ಒಂದೇ ದಪ್ಪದ ಪದರವನ್ನು ನಿರೀಕ್ಷಿಸುವಂತಿಲ್ಲ. ಹತ್ತು ಸಾವಿರ ವರ್ಷಗಳಲ್ಲಿ ಒಂದು ಮೀಟರ್ ಕೂಡಿತು ಎಂದರೆ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಎಂಬ ಸರಾಸರಿ ಸಿಗುತ್ತದೆ ನಿಜ. ಆ ಸರಾಸರಿಯೊಳಗೆ ಬೇಗ ಬೆಳೆದ ಶತಮಾನಗಳೂ ಇರುತ್ತವೆ, ಕರಗಿ ಹೋದ ಶತಮಾನಗಳೂ ಇರುತ್ತವೆ.

ಸುಮಾರು 600 ವರ್ಷಗಳ ಹಿಂದೆ ಮತ್ತೊಂದು ಚಿಕ್ಕ ಮಳೆಯ ಕಾಲವನ್ನು ಪ್ರಬಂಧ ಗುರುತಿಸುತ್ತದೆ. ನಮ್ಮ ಕಡೆ ವಿಜಯನಗರ ಬೆಳೆಯುತ್ತಿದ್ದ ಹೊತ್ತು ಅದು.

ಹುಲ್ಲಿನ ಮೇಲಿನ ಸುಳ್ಳು ಆರೋಪ

ಪೀಟಿನ ಈ ಓದು ಇನ್ನೊಂದು ಹಳೆಯ ವ್ಯಾಜ್ಯಕ್ಕೂ ಉತ್ತರ ಕೊಟ್ಟಿತು. ನೀಲಗಿರಿಯ ಹುಲ್ಲುಗಾವಲು ನಿಜವಾದ ಹುಲ್ಲುಗಾವಲೇ ಅಲ್ಲ, ಮನುಷ್ಯರು ಬೆಂಕಿ ಹಾಕಿ, ಎಮ್ಮೆ ಮೇಯಿಸಿ ಹಾಳುಗೆಡವಿದ ಕಾಡು ಎಂಬ ವಾದ ಬಹುಕಾಲ ಚಾಲ್ತಿಯಲ್ಲಿತ್ತು. ತೋದರ ಎಮ್ಮೆಗಳ ಮೇಲೆ, ಬಡಗರ ಬೇಸಾಯದ ಮೇಲೆ ಬೊಟ್ಟು ಮಾಡುವುದಕ್ಕೆ ಅದರಿಂದ ದಾರಿಯಾಗುತ್ತಿತ್ತು. ಬಡಗರ ನುಡಿ ಕನ್ನಡದ ತೀರಾ ಹತ್ತಿರದ ನೆಂಟ. ಬಡಗಣದಿಂದ, ಅಂದರೆ ಮೈಸೂರು ಸೀಮೆಯಿಂದ ಹೋದವರು ಎಂದೇ ಅವರಿಗೆ ಆ ಹೆಸರು. ಆದರೆ ಪೀಟ್ ಹೇಳುವುದು ಬೇರೆ. ಬೇಸಾಯವಾಗಲಿ ಪಶುಪಾಲನೆಯಾಗಲಿ ಈ ಉಪಖಂಡದಲ್ಲಿ ಹುಟ್ಟುವ ಎಷ್ಟೋ ಸಾವಿರ ವರ್ಷ ಮೊದಲೇ ಇಲ್ಲಿ ಹುಲ್ಲು ವಿಸ್ತಾರವಾಗಿ ಬೆಳೆದಿತ್ತು. ಹವಾಮಾನ ಬದಲಾದಂತೆ ಕಾಡು ಮತ್ತು ಹುಲ್ಲು ಒಂದರ ಜಾಗಕ್ಕೆ ಇನ್ನೊಂದು ಸರಿಯುತ್ತಾ ಬಂದಿವೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಗ್ಗುಗಳ ಇಬ್ಬನಿ ಹೆಪ್ಪುಗಟ್ಟಿ ಶೋಲದ ಸಸಿಗಳನ್ನು ಸುಟ್ಟುಹಾಕುತ್ತದೆ, ಹುಲ್ಲು ಬದುಕಿಕೊಳ್ಳುತ್ತದೆ. ಬೆಂಕಿಗೆ, ಮೇವಿಗೆ ಪಾತ್ರವೇ ಇಲ್ಲವೆಂದಲ್ಲ. ಹುಲ್ಲಿಗೆ ಇಲ್ಲಿ ಇರುವ ಹಕ್ಕು ಮನುಷ್ಯರು ಕೊಟ್ಟದ್ದಲ್ಲ, ಅಷ್ಟೇ.

ಈ ತಪ್ಪು ತಿಳಿವಳಿಕೆಗೆ ಬೆಲೆ ತೆತ್ತದ್ದು ಹುಲ್ಲು ಮತ್ತು ಜೌಗು. ಬ್ರಿಟಿಷ್ ಅಧಿಕಾರಿ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ ಮೇಲಿನ ಕೆಲವೇ ದಶಕಗಳಲ್ಲಿ ಆಸ್ಟ್ರೇಲಿಯದ ವ್ಯಾಟಲ್, ನೀಲಗಿರಿ ಮರಗಳು ಬಂದವು. ಸ್ವಾತಂತ್ರ್ಯದ ನಂತರ ಮರದ ತಿರುಳಿಗಾಗಿ ನೆಡುತೋಪುಗಳು ಮತ್ತೂ ಹಬ್ಬಿದವು. ಬೋಳು ಬೆಟ್ಟ ಕಂಡಲ್ಲಿ ಮರ ನೆಡುವುದು ಪುಣ್ಯದ ಕೆಲಸ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಈಗ ಅದಕ್ಕೆ ಇಂಗಾಲದ ಲೆಕ್ಕವೂ ಸೇರಿಕೊಂಡಿದೆ: ಮರ ನೆಟ್ಟರೆ ಇಂಗಾಲ ಹಿಡಿದಂತೆ. ಸ್ಯಾಂಡಿನಲ್ಲದಂಥ ಕಣಿವೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ವರ್ಷವಿಡೀ ಹಸಿರಾಗಿರುವ, ಆಳಕ್ಕೆ ಬೇರಿಳಿಸುವ ನೀಲಗಿರಿ ಮರ ಹುಲ್ಲಿಗಿಂತ ಹೆಚ್ಚು ನೀರೆಳೆಯುತ್ತದೆ. ಗುಡ್ಡದ ಒಸರು ತಗ್ಗಿಗೆ ಇಳಿಯುವ ಮೊದಲೇ ಮರದ ಪಾಲಾಗುತ್ತದೆ. ಹತ್ತಿಪ್ಪತ್ತು ವರ್ಷಕ್ಕೆ ಕಡಿದು ಸಾಗಿಸುವ ಮರದಲ್ಲಿ ಒಂದಿಷ್ಟು ಇಂಗಾಲ ಕೂಡಿಸಲು ಹೋಗಿ, ಹಿಮಯುಗವನ್ನು ದಾಟಿ ಬಂದ ಇಂಗಾಲವನ್ನು ಗಾಳಿಗೆ ಒಡ್ಡುತ್ತೇವೆ. ತಗ್ಗಿನ ನಡುವೆ ಕಾಲುವೆ ತೋಡಿ ನೀರು ಬಸಿದು ಆಲೂಗಡ್ಡೆ, ಕ್ಯಾರೆಟ್ ಬೆಳೆಯುವ ಕಡೆಯಂತೂ ಇನ್ನೂ ವೇಗ. ಕಪ್ಪು ಮಣ್ಣು ಮೊದಲ ವರ್ಷಗಳಲ್ಲಿ ಕೊಡುವ ಭರ್ಜರಿ ಫಸಲು ಆ ಪೀಟ್ ಕೊಳೆತು ಬಿಟ್ಟುಕೊಟ್ಟ ಸಾರವೇ. ಬೆಟ್ಟದ ರೈತರನ್ನು ಇದಕ್ಕಾಗಿ ದೂರಲು ನನಗೆ ಮನಸ್ಸಿಲ್ಲ, ಸಮತಟ್ಟಾದ ನೀರಾವರಿಯ ನೆಲ ಅಲ್ಲಿ ಅಷ್ಟು ವಿರಳ.

ಪೀಟಿಗೆ ಇನ್ನೊಂದು ಮುಖವೂ ಇದೆ. ನೀರು ನಿಂತ ಜೌಗು ಮೀಥೇನ್ ಬಿಡುತ್ತದೆ, ಅದು ಬಲವಾದ ಹಸಿರುಮನೆ ಅನಿಲ. ಆದರೆ ಗಾಳಿ ಸೇರಿದ ಮೀಥೇನ್ ಸುಮಾರು ಹನ್ನೆರಡು ವರ್ಷಗಳಲ್ಲಿ ಕರಗಿ ಹೋಗುತ್ತದೆ. ಬರಿದಾದ ಪೀಟಿನಿಂದ ಹೊರಟ ಡೈಆಕ್ಸೈಡಿನ ಒಂದು ಪಾಲು ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ. ಎರಡನ್ನೂ ತೂಗಿದಾಗ ಜೌಗನ್ನು ತೊಯ್ದಿರಲು ಬಿಡುವುದೇ ಲೇಸು.

ಚಳಿ ಇಲ್ಲದ ಬರ

ಹಿಂದಿನ ಬರಗಾಲಗಳನ್ನು ದಾಟಿದ ಜೌಗು ಮುಂದಿನದನ್ನೂ ದಾಟಬಹುದಲ್ಲ ಎಂದು ಕೇಳುವವರಿದ್ದಾರೆ. ಹಿಮಯುಗದ ಬರದ ಜೊತೆ ಚಳಿ ಇತ್ತು. ಈಗ ಬೆಟ್ಟ ಬಿಸಿಯಾಗುತ್ತಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಯದುಗಿರಿ ತಿರುವೈಮೊಳಿ ಮತ್ತು ಮಹೇಶ್ ಶಂಕರನ್ ನೀಲಗಿರಿಯ ಹುಲ್ಲುಗಾವಲಿನಲ್ಲಿ, ಮೇಲ್ಭಾಗ ತೆರೆದಿರುವ ಪಾರದರ್ಶಕ ಗೂಡುಗಳನ್ನಿಟ್ಟು ನೆಲವನ್ನು ತುಸು ಬೆಚ್ಚಗೆ ಮಾಡಿ ಅಳೆದರು. 2019ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಅಲ್ಲಿನ ಮಣ್ಣು ಉಸಿರಾಡಿ ಹೊರಬಿಡುವ ಇಂಗಾಲದ ಹೆಚ್ಚಿನ ಪಾಲು ಬೇರುಗಳದ್ದಲ್ಲ, ಹಳೆಯ ಸಾವಯವ ವಸ್ತುವನ್ನು ತಿನ್ನುವ ಸೂಕ್ಷ್ಮಜೀವಿಗಳದ್ದು. ಬಿಸಿ ಏರಿದಂತೆ ಆ ಉಸಿರು ಜೋರಾಗುತ್ತದೆ. ಇದು ಗುಡ್ಡದ ಮೈಯ ಹುಲ್ಲುನೆಲದ ಮಾತು. ತಗ್ಗಿನಲ್ಲಿ ಈ ಸೂಕ್ಷ್ಮಜೀವಿಗಳನ್ನು ತಡೆದು ನಿಲ್ಲಿಸಿರುವುದು ನೀರಿನ ಮುಚ್ಚಳ ಒಂದೇ.

ಮಳೆಯ ಒಟ್ಟು ಮೊತ್ತ ಈ ಮುಚ್ಚಳವನ್ನು ಕಾಯುವುದಿಲ್ಲ. 2019ರ ಆಗಸ್ಟ್ 8ರಂದು ಇದೇ ಬೆಟ್ಟದ ಅವಲಾಂಚಿಯಲ್ಲಿ ಒಂದೇ ದಿನ 82 ಸೆಂ.ಮೀ. ಮಳೆ ಸುರಿಯಿತು. ಅಂಥ ಮಳೆ ಗುಡ್ಡವನ್ನು ಕೊಚ್ಚಿ ಹೊಳೆ ಸೇರುತ್ತದೆ, ಇಂಗಲು ಅದಕ್ಕೆ ಪುರುಸೊತ್ತಿಲ್ಲ. ಜೌಗಿಗೆ ಬೇಕಾದದ್ದು ಫೆಬ್ರವರಿ, ಮಾರ್ಚ್ ತಿಂಗಳಲ್ಲೂ ನಿಲ್ಲದೆ ಬರುವ ಸಣ್ಣ ಒಸರು. ತೋದರು ತಮ್ಮ ಪವಿತ್ರ ಹಾಲಿನ ಗುಡಿಗಳಿಗೆ ಹೊದಿಸುವ ಹುಲ್ಲು ಬೆಳೆಯುವುದು ಇಂಥ ಒಸರು ಬತ್ತದ ಜೌಗಿನಲ್ಲಿ ಮಾತ್ರ. ಆ ಹುಲ್ಲು ಎಲ್ಲಿ ಕಾಣೆಯಾಯಿತೋ ಅಲ್ಲಿ ನೀರು ಕೆಳಗಿಳಿದಿದೆ ಎಂದು ಯಂತ್ರವಿಲ್ಲದೆಯೂ ತಿಳಿಯಬಹುದು. ಜೌಗು ಒಣಗುವುದು ಮೇಲಿನಿಂದ. ಮೊದಲು ಹೋಗುವುದು ತೀರಾ ಇತ್ತೀಚಿನ ಪದರ, 600 ವರ್ಷಗಳ ಹಿಂದಿನ ಆ ಚಿಕ್ಕ ಮಳೆಗಾಲ ಬರೆದಿಟ್ಟ ಪುಟ. ಆಮೇಲೆ ಅದರ ಕೆಳಗಿನದು.